ಬ್ಯಾಚಿನ ಬೈಗುಳ: ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳ ದರ್ಪವನ್ನು ಗುರುತಿಸುವ ಬಗೆ

ಕೆಲಸ ಮಾಡಿಸಲೆಂದು ಕೊಟ್ಟ ಅಧಿಕಾರವನ್ನು ಕೈಕೆಳಗಿನವರನ್ನು ಹೀಯಾಳಿಸಲು, ಹೆದರಿಸಲು, ಅವರ ಹಕ್ಕನ್ನು ಕಿತ್ತುಕೊಳ್ಳಲು ಬಳಸುವುದೇ ಮೇಲ್ವಿಚಾರಕರ ದೌರ್ಜನ್ಯ. ಕೈ ಮಾಡಿದರೆ ಮಾತ್ರ ದೌರ್ಜನ್ಯ ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. ಅದು ಎಷ್ಟು ತಪ್ಪು ಎಂಬುದನ್ನು ಕರ್ನಾಟಕದಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಗಳಲ್ಲಿ ಬೇರುಬಿಟ್ಟು, ಈಚೆಗೆ ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದ ಕಡೆಗೂ ಹಬ್ಬಿರುವ ಈ ಉದ್ಯಮದಲ್ಲಿ ಲಕ್ಷಗಟ್ಟಲೆ ಜನ ದುಡಿಯುತ್ತಾರೆ, ಬಹುಪಾಲು ಹೆಣ್ಣುಮಕ್ಕಳು. ಅವರ ಮೇಲಿನ ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್‌ಗಳಲ್ಲಿ ಬಹುಪಾಲು ಗಂಡಸರು. ಇಲ್ಲಿ ಏಟು ಬೀಳುವುದಕ್ಕಿಂತ ಹೆಚ್ಚಾಗಿ ಬೈಗುಳ ಬೀಳುತ್ತದೆ, ರಜೆ ತಪ್ಪುತ್ತದೆ, ಮಷಿನ್ ಬದಲಾಗುತ್ತದೆ, ರಾಜೀನಾಮೆ ಪತ್ರಕ್ಕೆ ಸಹಿ ಬೀಳುತ್ತದೆ. ಇದೆಲ್ಲಕ್ಕೂ ಸೇರಿಸಿ ಕೆಲಸಗಾರರು ಬಳಸುವ ಮಾತು ಒಂದೇ: ಟಾರ್ಚರ್.

ಟಾರ್ಚರ್ ಎಂದು ದೂರಿದರೆ ಮ್ಯಾನೇಜ್‌ಮೆಂಟ್ ಕೊಡುವ ಉತ್ತರವೂ ಸಾಮಾನ್ಯವಾಗಿ ಒಂದೇ. ಕೆಲಸ ಹೇಳಿದ್ದನ್ನೇ ಕಿರುಕುಳ ಅನ್ನುತ್ತಾರೆ, ಸ್ವಲ್ಪ ಗದರಿಸದಿದ್ದರೆ ಪ್ರೊಡಕ್ಷನ್ ಬರುವುದಿಲ್ಲ ಎನ್ನುವುದು ಅದರ ಸಾರ. ಹಾಗಾಗಿ ಬಿಗಿಯಾದ ಮೇಲ್ವಿಚಾರಣೆ ಎಲ್ಲಿಗೆ ಮುಗಿಯುತ್ತದೆ, ದೌರ್ಜನ್ಯ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಅದಕ್ಕೆ ಮೊದಲು ಬ್ಯಾಚ್ ನಡೆಯುವ ರೀತಿ ಗೊತ್ತಿರಬೇಕು.

ಗಂಟೆ ಲೆಕ್ಕ

ಒಂದು ಬ್ಯಾಚ್ ಎಂದರೆ ಒಂದರ ಹಿಂದೊಂದು ಸಾಲಾಗಿ ಜೋಡಿಸಿದ ಹೊಲಿಗೆ ಮಷಿನ್‌ಗಳು, ಅವುಗಳ ಮುಂದೆ ಕೂತ ಟೈಲರ್‌ಗಳು, ದಾರ ಕತ್ತರಿಸಿ ಬಂಡಲ್ ಸಾಗಿಸುವ ಹೆಲ್ಪರ್‌ಗಳು, ಕೊನೆಯಲ್ಲಿ ಚೆಕಿಂಗ್. ಪೂರ್ತಿ ಶರ್ಟನ್ನು ಯಾರೊಬ್ಬರೂ ಹೊಲಿಯುವುದಿಲ್ಲ. ಒಬ್ಬರು ಕಫ್, ಒಬ್ಬರು ಪಾಕೆಟ್, ಒಬ್ಬರು ಕಾಲರ್. ಪ್ರತಿ ಕೆಲಸಕ್ಕೂ ಎಷ್ಟು ಸೆಕೆಂಡ್ ಬೇಕೆಂದು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದವರು ಸ್ಟಾಪ್‌ವಾಚ್ ಹಿಡಿದು ಅಳೆದಿರುತ್ತಾರೆ. ಕಾಲರ್ ಕೂರಿಸುವುದಕ್ಕೆ 45 ಸೆಕೆಂಡ್ ಎಂದು ಬರೆದುಕೊಂಡರೆ ಗಂಟೆಗೆ 80 ಪೀಸ್ ಟಾರ್ಗೆಟ್. ದಣಿವು, ದಾರ ಬದಲಿಸುವುದು, ನೀರು ಕುಡಿಯುವುದು ಇವುಗಳಿಗೂ ಒಂದಿಷ್ಟು ಸಮಯ ಈ ಲೆಕ್ಕದೊಳಗೆ ಸೇರಿರಬೇಕೆಂಬುದು ಶಾಸ್ತ್ರ. ಆದರೆ ಹೊಸ ಸ್ಟೈಲ್ ಬ್ಯಾಚಿಗೆ ಬಂದಾಗ ಮೊದಲ ಕೆಲವು ದಿನ ಯಾರಿಗೂ ಕೈ ಕೂಡುವುದಿಲ್ಲ. ಸೂಜಿ ಮುರಿದರೆ ತುಂಡುಗಳನ್ನೆಲ್ಲ ಹುಡುಕಿ ಒಪ್ಪಿಸಿದ ಮೇಲೆಯೇ ಹೊಸದು ಸಿಗುವುದು. ಹಿಂದಿನ ಮಷಿನ್‌ನಿಂದ ಬಂಡಲ್ ಬರದಿದ್ದರೆ ಮುಂದಿನವರು ಸುಮ್ಮನೆ ಕಾಯಬೇಕು. ಬೋರ್ಡಿನ ಮೇಲಿನ ಸಂಖ್ಯೆಗೆ ಇದ್ಯಾವುದೂ ಕಾಣುವುದಿಲ್ಲ. ಪ್ರತಿ ಗಂಟೆ ಎಷ್ಟಾಗಬೇಕಿತ್ತು, ಎಷ್ಟಾಯಿತು ಎಂದು ರೈಟರ್ ಬಂದು ಬರೆದು ಹೋಗುತ್ತಾರೆ. 80ರ ಜಾಗದಲ್ಲಿ 62 ಕಂಡರೆ ಸೂಪರ್‌ವೈಸರ್ ಆ ಮಷಿನ್ ಕಡೆಗೆ ಹೊರಡುತ್ತಾನೆ.

ಮುಂದಿನ ಒಂದೆರಡು ನಿಮಿಷದಲ್ಲಿ ಅವನು ಏನು ಮಾಡುತ್ತಾನೆ ಎನ್ನುವುದರಲ್ಲಿ ವ್ಯತ್ಯಾಸ ಕಾಣುತ್ತದೆ. ಕಾಲರ್ ಒಂದು ಕಡೆಗೆ ಎಳೆದಂತಾಗಿ ಪೀಸ್‌ಗಳು ಆಲ್ಟರ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯಲು, ವಾಪಸ್ ಬರುತ್ತಿವೆ ಎಂದಿಟ್ಟುಕೊಳ್ಳೋಣ. ಒಬ್ಬ ಸೂಪರ್‌ವೈಸರ್ ಪೀಸ್ ಕೈಗೆತ್ತಿಕೊಂಡು ನಾಚ್ ಎಲ್ಲಿ ತಪ್ಪಿದೆ ಎಂದು ತೋರಿಸಿ, ಮಷಿನ್ ಟೆನ್ಷನ್ ನೋಡಲು ಮೆಕ್ಯಾನಿಕ್‌ನನ್ನು ಕರೆದು, ಮುಂದಿನ ಗಂಟೆಯೊಳಗೆ ಸರಿಹೋಗಬೇಕು ಎಂದು ಬಿಗಿಯಾಗಿಯೇ ಹೇಳಿ ಹೋಗುತ್ತಾನೆ. ಇದು ಕಟ್ಟುನಿಟ್ಟು, ಕೇಳಿದವರಿಗೆ ಬೇಸರವಾಗಬಹುದು, ದೂರಲು ಇಲ್ಲಿ ಏನೂ ಇಲ್ಲ. ಇನ್ನೊಬ್ಬ ಅದೇ ಪೀಸನ್ನು ಮುಖದ ಮೇಲೆ ಎಸೆದು, ಇಡೀ ಬ್ಯಾಚಿಗೆ ಕೇಳುವಂತೆ ‘ಕಣ್ಣು ಕುರುಡೇನೇ ನಿಂಗೆ? ದನ ಕಾಯೋಕೆ ಹೋಗು, ಇಲ್ಯಾಕೆ ಬರ್ತೀಯ?’ ಎಂದು ಕೂಗುತ್ತಾನೆ. ಕಾಲರ್ ಹೇಗೆ ಸರಿಯಾಗಬೇಕು ಎಂಬುದಕ್ಕೆ ಆ ಮಾತಿನಲ್ಲಿ ಒಂದಕ್ಷರದ ಉತ್ತರವೂ ಇಲ್ಲ. ಬೈಗುಳದಿಂದ ಅವಮಾನದ ಭಾಗವನ್ನು ತೆಗೆದುಹಾಕಿದರೆ ಕೆಲಸಕ್ಕೆ ಬೇಕಾದದ್ದು ಏನಾದರೂ ಉಳಿಯುತ್ತದೆಯೇ ಎಂದು ನೋಡುವುದು ಎಲ್ಲಕ್ಕಿಂತ ಸರಳವಾದ ಪರೀಕ್ಷೆ. ಏನೂ ಉಳಿಯದಿದ್ದರೆ ಅದು ಮೇಲ್ವಿಚಾರಣೆ ಅಲ್ಲ.

ಲಕ್ಷಣಗಳು

ಮೊದಲು ಕಿವಿಗೆ ಬೀಳುವುದು ಮಾತು. ಕೆಲಸದ ತಪ್ಪಿನಿಂದ ಜಾರಿ ಮನುಷ್ಯರ ಮೇಲೆ ಹೋದ ಮಾತನ್ನು ಗುರುತಿಸುವುದು ಕಷ್ಟವಲ್ಲ: ಮೈಬಣ್ಣ, ವಯಸ್ಸು, ಜಾತಿ, ಊರು, ಗಂಡ ಬಿಟ್ಟದ್ದು, ಮಕ್ಕಳಾಗದ್ದು, ಸಿಂಗರಿಸಿಕೊಂಡು ಬಂದದ್ದು. ಏಕವಚನದ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಮಂಡ್ಯ, ರಾಮನಗರದ ಕಡೆಯ ಹಳ್ಳಿಗಳಲ್ಲಿ ಪ್ರೀತಿಗೂ ಸಲಿಗೆಗೂ ಏಕವಚನವೇ ನಡೆಯುತ್ತದೆ. ಅಕ್ಕಪಕ್ಕದ ಮಷಿನ್‌ನವರು ಹಾಗೆಯೇ ಮಾತಾಡಿಕೊಳ್ಳುತ್ತಾರೆ. ಆದರೆ ಇಪ್ಪತ್ತೈದರ ಹುಡುಗನೊಬ್ಬ ತಾಯಿ ವಯಸ್ಸಿನವರನ್ನು ‘ಏಯ್, ಬಾರೇ ಇಲ್ಲಿ’ ಎಂದು ಕರೆದು, ಅವರಿಂದ ಮಾತ್ರ ‘ಸರ್’ ಎನಿಸಿಕೊಳ್ಳುವಾಗ ಅಲ್ಲಿ ಸಲಿಗೆಯ ಮಾತೇ ಇಲ್ಲ.

ಎರಡನೆಯದು ಎಲ್ಲರೆದುರಿನ ಶಿಕ್ಷೆ. ಟಾರ್ಗೆಟ್ ಮುಟ್ಟದವರನ್ನು ಮಷಿನ್‌ನಿಂದ ಎಬ್ಬಿಸಿ ನಿಲ್ಲಿಸುವುದು, ಮೈಕಿನಲ್ಲಿ ಹೆಸರು ಕೂಗುವುದು, ಎಚ್‌ಆರ್ ಕ್ಯಾಬಿನ್ ಮುಂದೆ ಗಂಟೆಗಟ್ಟಲೆ ಕಾಯಿಸುವುದು, ಹತ್ತು ನಿಮಿಷ ತಡವಾದವರನ್ನು ಗೇಟಿನಿಂದಲೇ ವಾಪಸ್ ಕಳಿಸಿ ಆ ದಿನದ ಸಂಬಳ ಕಳೆಯುವುದು. ಇದರಲ್ಲಿ ಬೈಗುಳವೇ ಇರಬೇಕೆಂದಿಲ್ಲ. ಒಬ್ಬರನ್ನು ನಿಲ್ಲಿಸಿದ್ದು ಉಳಿದವರೆಲ್ಲ ನೋಡಲಿ ಎಂದೇ.

ಹೊರಗಿನವರ ಕಣ್ಣಿಗೆ ಬೀಳದೆ ಹೋಗುವುದು ದೇಹದ ಮೇಲಿನ ಹಿಡಿತ. ಟಾಯ್ಲೆಟ್‌ಗೆ ಹೋಗಲು ಬ್ಯಾಚಿಗೆ ಒಂದೋ ಎರಡೋ ಟೋಕನ್, ಹೋದವರು ಬರುವ ತನಕ ಇನ್ನೊಬ್ಬರು ಏಳುವಂತಿಲ್ಲ, ತಡವಾದರೆ ಬಾಗಿಲ ಹತ್ತಿರ ಬಂದು ಕೂಗುವುದು — ಇಂಥ ದೂರುಗಳನ್ನು ಕಾರ್ಮಿಕ ಸಂಘಟನೆಗಳು ವರ್ಷಗಳಿಂದ ದಾಖಲಿಸುತ್ತ ಬಂದಿವೆ. ಏಳಬೇಕಾದೀತೆಂದು ಬೆಳಗಿನಿಂದ ನೀರೇ ಕುಡಿಯದೆ ದುಡಿಯುವವರು ಬಹಳ. ಉರಿಮೂತ್ರ, ಮೂತ್ರನಾಳದ ಸೋಂಕು ಹೀಗೆ ಅಂಟಿಕೊಳ್ಳುತ್ತವೆ. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ ಇದೇ ಕಟ್ಟಳೆ ಇನ್ನೂ ಕ್ರೂರ. ಊಟದ ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಕಡಿದು ಮಷಿನ್‌ಗೆ ಕೂರಿಸುವುದು, ಸಂಜೆ ಪಂಚ್ ಔಟ್ ಮಾಡಿಸಿದ ಮೇಲೆ ‘ಬಾಕಿ ಪೀಸ್’ ಮುಗಿಸಲು ಕೂರಿಸುವುದು ಇದೇ ಜಾತಿಯವು. ನಿಗದಿತ ಅವಧಿಗಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇದೆ. ಪಂಚ್ ಆದ ಮೇಲಿನ ದುಡಿಮೆ ಲೆಕ್ಕಕ್ಕೇ ಸಿಗುವುದಿಲ್ಲವಾದ್ದರಿಂದ ಇಲ್ಲಿ ದರ್ಪದ ಜೊತೆಗೆ ಕೂಲಿಗಳ್ಳತನವೂ ನಡೆಯುತ್ತದೆ.

ಇನ್ನು ಸದ್ದಿಲ್ಲದ ಶಿಕ್ಷೆಗಳು. ಹತ್ತು ವರ್ಷ ಅನುಭವವಿರುವ ಟೈಲರ್‌ಗೆ ಮಷಿನ್ ಕೊಡದೆ ದಾರ ಕತ್ತರಿಸಲು ಹಾಕುವುದು. ಒಂದು ವಾರದಲ್ಲಿ ನಾಲ್ಕು ಬೇರೆ ಬೇರೆ ಕೆಲಸಕ್ಕೆ ಕೂರಿಸಿ, ಯಾವುದರಲ್ಲೂ ಟಾರ್ಗೆಟ್ ಬರದಂತೆ ಮಾಡಿ, ಆಮೇಲೆ ‘ಪರ್ಫಾರ್ಮೆನ್ಸ್ ಇಲ್ಲ’ ಎಂದು ಬರೆಯುವುದು. ಅಕ್ಕಪಕ್ಕದವರಿಗೆ ‘ಅವಳ ಜೊತೆ ಮಾತಾಡಬೇಡಿ’ ಎಂದು ತಾಕೀತು ಮಾಡುವುದು. ರಜೆ ಚೀಟಿಗೆ ಉತ್ತರವನ್ನೇ ಕೊಡದೆ, ಹಬ್ಬ ಮುಗಿಸಿ ಬಂದ ಮೇಲೆ ‘ಹೇಳದೆ ಹೋದೆ’ ಎಂದು ನೋಟಿಸ್ ಕೊಡುವುದು. ಬೈಗುಳಕ್ಕಾದರೂ ಸಾಕ್ಷಿ ಇರುತ್ತದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಆಡಳಿತಾತ್ಮಕ ಕಾರಣ ಹೇಳಬಹುದು. ಎಲ್ಲವನ್ನೂ ಒಟ್ಟಿಗೆ ಇಟ್ಟಾಗಲೇ ಉದ್ದೇಶ ಕಾಣುವುದು.

ಆ ಉದ್ದೇಶ ಬಹಳ ಸಲ ರಾಜೀನಾಮೆ. ಕಾಯಂ ಕೆಲಸಗಾರರಿಗೆ ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷ ಸತತ ಸೇವೆ ಆಗಿರಬೇಕು. ನಾಲ್ಕು ವರ್ಷ ದಾಟಿದವರ ಮೇಲೆ ಏಕಾಏಕಿ ಒತ್ತಡ ಹೆಚ್ಚುವುದನ್ನು ಗಾರ್ಮೆಂಟ್ಸ್ ಸಂಘಟನೆಗಳು ಮತ್ತೆ ಮತ್ತೆ ಎತ್ತಿ ತೋರಿಸಿವೆ. ಬಸುರಿಯೆಂದು ಗೊತ್ತಾದ ಮೇಲೆ ಭಾರದ ಕೆಲಸಕ್ಕೆ ಹಾಕುವುದು, ಯೂನಿಯನ್ ಸಭೆಗೆ ಹೋದದ್ದು ತಿಳಿದ ವಾರವೇ ಬೇರೆ ಯೂನಿಟ್‌ಗೆ ವರ್ಗ ಮಾಡುವುದು ಕೂಡ ಹೀಗೆ ಹೊತ್ತು ನೋಡಿ ಮಾಡುವಂಥವೇ. ಹೀಗಾಗಿ ಕಿರುಕುಳ ಯಾವಾಗ ಶುರುವಾಯಿತು ಎಂಬುದನ್ನು ಕಿರುಕುಳದಷ್ಟೇ ಗಮನವಿಟ್ಟು ನೋಡಬೇಕು. ಕ್ಯಾಬಿನ್‌ಗೆ ಕರೆದು, ಮೊದಲೇ ಟೈಪ್ ಮಾಡಿಟ್ಟ ‘ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂಬ ಹಾಳೆಗೆ ಸಹಿ ಹಾಕಿಸಿಕೊಂಡರೆ, ಅದು ಕಾನೂನಿನ ಕಣ್ಣಿನಲ್ಲಿ ರಾಜೀನಾಮೆಯೇ ಅಲ್ಲ ಎಂದು ವಾದಿಸಲು ಪೂರ್ತಿ ಅವಕಾಶವಿದೆ. ಒತ್ತಾಯದಿಂದ ಪಡೆದದ್ದನ್ನು ನ್ಯಾಯಾಲಯಗಳು ವಜಾ ಎಂದೇ ಪರಿಗಣಿಸಬಲ್ಲವು.

ಲೈಂಗಿಕ ಕಿರುಕುಳ ಬ್ಯಾಚಿನಲ್ಲಿ ಹೆಚ್ಚಾಗಿ ಕೆಲಸ ಕಲಿಸುವ ವೇಷದಲ್ಲಿ ಬರುತ್ತದೆ. ಹೊಲಿಗೆ ತೋರಿಸುವ ನೆಪದಲ್ಲಿ ಹಿಂದಿನಿಂದ ಬಾಗುವುದು, ಕೈ ಮೇಲೆ ಕೈ ಇಡುವುದು, ರಾತ್ರಿ ಹೊತ್ತು ಮೆಸೇಜ್ ಕಳಿಸುವುದು. ‘ಹೊಂದಿಕೊಂಡವರಿಗೆ’ ಸುಲಭದ ಕೆಲಸ, ಕೇಳಿದ ರಜೆ, ಒಪ್ಪದವರಿಗೆ ಬೈಗುಳ. ಇಲ್ಲಿ ಬೈಗುಳ ಮತ್ತು ಲೈಂಗಿಕ ಕಿರುಕುಳ ಬೇರೆ ಬೇರೆ ದೂರುಗಳಲ್ಲ, ಒಂದರ ಬಾಲ ಇನ್ನೊಂದು. ತಿರಸ್ಕರಿಸಿದ ದಿನದಿಂದ ಟಾರ್ಗೆಟ್ ಏರಿದ್ದರೆ ಆ ಏರಿಕೆಯನ್ನೂ ದೂರಿನಲ್ಲಿ ಬರೆಯಬೇಕು.

ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯಿಂದ ಬಂದು ಕಂಪನಿ ಹಾಸ್ಟೆಲ್‌ಗಳಲ್ಲಿ ಉಳಿದ ಹುಡುಗಿಯರ ಸ್ಥಿತಿ ಇನ್ನೂ ಬಿಗಿ. ಬೈದ ಭಾಷೆ ಅರ್ಥವಾಗದಿದ್ದರೂ ಬೈದದ್ದು ಮಾತ್ರ ತಿಳಿಯುತ್ತದೆ. ಹಗಲು ಸೂಪರ್‌ವೈಸರ್, ರಾತ್ರಿ ವಾರ್ಡನ್. ಭಾನುವಾರ ಹೊರಗೆ ಹೋಗಲೂ ಸಹಿ. ಕೆಲಸ ಬಿಟ್ಟರೆ ಆ ರಾತ್ರಿ ಮಲಗಲು ಜಾಗವೂ ಇಲ್ಲ ಎಂಬ ಭಯ ಅವರ ಬಾಯಿ ಕಟ್ಟುತ್ತದೆ.

ಅಳತೆಗೋಲುಗಳು

ಇಂಥ ನಡವಳಿಕೆಯನ್ನು ಅಳೆಯುವ ಪ್ರಯತ್ನ ಹೊಸದಲ್ಲ. ಸ್ವೀಡನ್‌ನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಹೈನ್ಜ್ ಲೇಮನ್ 1980ರ ದಶಕದಲ್ಲಿ ಕೆಲಸದ ಜಾಗದ ಕಿರುಕುಳಗಳ ಪಟ್ಟಿ ಮಾಡಿದ. ವಾರಕ್ಕೊಮ್ಮೆಯಾದರೂ, ಆರು ತಿಂಗಳಾದರೂ ನಡೆದಿರಬೇಕು ಎಂಬುದು ಅವನ ಗೆರೆ. ಅಮೆರಿಕದ ಬೆನೆಟ್ ಟೆಪ್ಪರ್ 2000ದಲ್ಲಿ ಮೇಲಧಿಕಾರಿಗಳ ದುರ್ನಡತೆಯನ್ನೇ ವಿಷಯ ಮಾಡಿಕೊಂಡು 15 ಪ್ರಶ್ನೆಗಳ ಮಾಪಕ ಕೊಟ್ಟ. ಹಂಗಿಸುವುದು, ಹಳೆಯ ತಪ್ಪನ್ನು ಪದೇ ಪದೇ ಕೆದಕುವುದು, ತನ್ನ ಮುಖ ಉಳಿಸಿಕೊಳ್ಳಲು ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದು, ಬೇರೆಲ್ಲಿಂದಲೋ ತಂದ ಸಿಟ್ಟನ್ನು ಇಲ್ಲಿ ತೀರಿಸುವುದು, ಕೊಟ್ಟ ಮಾತು ಮುರಿಯುವುದು, ಮಾತೇ ಬಿಡುವುದು ಎಲ್ಲವೂ ಅದರಲ್ಲಿವೆ. ಮೈಮುಟ್ಟುವ ಹಿಂಸೆಯನ್ನು ಟೆಪ್ಪರ್ ಬೇಕೆಂದೇ ಹೊರಗಿಟ್ಟ. ಅದಿಲ್ಲದೆಯೂ ದೌರ್ಜನ್ಯ ಪೂರ್ಣವಾಗಿ ನಡೆಯಬಲ್ಲದು ಎಂಬುದು ಅದರ ಹಿಂದಿನ ಅರಿವು. 2020ರ ಜೂನ್‌ನಲ್ಲಿ ದೊಡ್ಡ ಕಂಪನಿಗಳಿಗೂ 2022ರ ಏಪ್ರಿಲ್‌ನಲ್ಲಿ ಸಣ್ಣವಕ್ಕೂ ಅನ್ವಯವಾದ, ಮೇಲಧಿಕಾರದ ಕಿರುಕುಳ ತಡೆಯುವ ಜಪಾನಿನ ಕಾನೂನಿನ ಮಾರ್ಗಸೂಚಿಯಲ್ಲಿ ಕಿರುಕುಳದ ಆರು ಬಗೆಗಳಿವೆ. ಹೊರಲಾಗದಷ್ಟು ಕೆಲಸ ಕೊಡುವುದೂ ಯೋಗ್ಯತೆಗೆ ತೀರ ಕಡಿಮೆಯ ಕೆಲಸ ಕೊಡುವುದೂ ಅಲ್ಲಿ ಒಂದೇ ಸಾಲಿಗೆ ಬರುತ್ತವೆ. ಟೈಲರ್‌ನ ಕೈಗೆ ದಾರ ಕತ್ತರಿಸುವ ಟ್ರಿಮ್ಮರ್ ಕೊಟ್ಟು ಕೂರಿಸುವುದು ಈ ಎರಡನೆಯದಕ್ಕೆ ಸೇರುತ್ತದೆ.

ಲೇಮನ್ ಎಳೆದ ಆರು ತಿಂಗಳ ಗೆರೆ ಸಂಶೋಧಕರಿಗೆ ಬೇಕಾದೀತು, ಕೆಲಸಗಾರರಿಗೆ ಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರ ಜೂನ್‌ನಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆ ಇದನ್ನು ನೇರವಾಗಿ ಹೇಳುತ್ತದೆ: ಒಂದೇ ಸಲ ನಡೆದದ್ದಾಗಲಿ, ಪದೇ ಪದೇ ನಡೆದದ್ದಾಗಲಿ, ದೈಹಿಕ, ಮಾನಸಿಕ, ಲೈಂಗಿಕ ಅಥವಾ ಆರ್ಥಿಕ ಹಾನಿ ಮಾಡುವ ನಡವಳಿಕೆಯೂ ಅದರ ಬೆದರಿಕೆಯೂ ಹಿಂಸೆ ಮತ್ತು ಕಿರುಕುಳವೇ. ಶೌಚಾಲಯ, ಊಟದ ಜಾಗ, ಮನೆಗೂ ಕೆಲಸಕ್ಕೂ ನಡುವಿನ ಪ್ರಯಾಣ, ಮಾಲೀಕರು ಕೊಟ್ಟ ವಸತಿ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಭಾರತ ಅದಕ್ಕೆ ಇನ್ನೂ ಸ್ಥಿರೀಕರಣದ ಮುದ್ರೆ ಒತ್ತಿಲ್ಲ.

ಬೆದರಿಕೆಯನ್ನು ಈ ವ್ಯಾಖ್ಯೆಯೊಳಗೆ ಸೇರಿಸಿದ್ದಕ್ಕೆ ಎಷ್ಟು ಅರ್ಥವಿದೆ ಎಂದು ತಿಳಿಯಲು ಢಾಕಾ ಸಮೀಪದ ರಾಣಾ ಪ್ಲಾಜಾ ಸಾಕು. 2013ರ ಏಪ್ರಿಲ್ 23ರಂದು ಆ ಎಂಟು ಅಂತಸ್ತಿನ ಕಟ್ಟಡದಲ್ಲಿ ಬಿರುಕು ಕಾಣಿಸಿತು. ಕೆಳಗಿದ್ದ ಬ್ಯಾಂಕು ಸಿಬ್ಬಂದಿಯನ್ನು ದೂರ ಇಟ್ಟಿತು. ಮರುದಿನ ಬೆಳಗ್ಗೆ ಒಳಗೆ ಹೋಗಲು ಹಿಂಜರಿದ ಗಾರ್ಮೆಂಟ್ಸ್ ಕೆಲಸಗಾರರಿಗೆ ಮಾತ್ರ, ಬರದಿದ್ದರೆ ಸಂಬಳ ಇಲ್ಲ ಎಂದು ಮೇಲಿನವರು ಬೆದರಿಸಿ ಮಷಿನ್‌ಗೆ ಕೂರಿಸಿದರು. ಕಟ್ಟಡ ಕುಸಿದು 1,134 ಜನ ಸತ್ತರು.

ಸಿಟ್ಟು ಎಲ್ಲಿಂದ ಬರುತ್ತದೆ

ಸೂಪರ್‌ವೈಸರ್ ಒಬ್ಬನೇ ಕೆಟ್ಟವನಾದರೆ ಅವನನ್ನು ಬದಲಿಸಿದರೆ ಸಾಕಿತ್ತು. ಬದಲಿಸಿದಾಗ ಹೊಸಬನೂ ಎರಡೇ ತಿಂಗಳಲ್ಲಿ ಅದೇ ದನಿಯಲ್ಲಿ ಕೂಗುವುದನ್ನು ಬ್ಯಾಚಿನವರು ನೋಡಿರುತ್ತಾರೆ. ವಿದೇಶಿ ಬ್ರ್ಯಾಂಡ್ ಬೆಲೆ ಇಳಿಸುತ್ತದೆ, ಮಾಲು ತಲುಪಿಸುವ ಗಡುವನ್ನೂ ಇಳಿಸುತ್ತದೆ. ಹಡಗಿಗೆ ತಪ್ಪಿದ ಮಾಲನ್ನು ವಿಮಾನದಲ್ಲಿ ಕಳಿಸಬೇಕಾದರೆ ಆ ಖರ್ಚು ಸಾಮಾನ್ಯವಾಗಿ ಕಾರ್ಖಾನೆಯ ತಲೆಗೆ. ಶಿಪ್‌ಮೆಂಟ್ ಹತ್ತಿರ ಬಂದಂತೆ ಮೀಟಿಂಗ್‌ನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಸೂಪರ್‌ವೈಸರ್‌ಗಳನ್ನು ಸಾಲಾಗಿ ನಿಲ್ಲಿಸಿ ಬೈಯುತ್ತಾನೆ, ಅಲ್ಲಿ ಕೇಳಿದ್ದನ್ನು ಅವರು ಬ್ಯಾಚಿಗೆ ತಂದು ಹಂಚುತ್ತಾರೆ. ಅನೇಕರು ನಿನ್ನೆ ಮೊನ್ನೆವರೆಗೆ ಟೈಲರ್‌ಗಳಾಗಿದ್ದವರು. ಜನರನ್ನು ನಡೆಸಿಕೊಳ್ಳುವುದು ಹೇಗೆಂದು ಯಾರೂ ಅವರಿಗೆ ಒಂದು ದಿನ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಇದನ್ನು ಹೇಳುವುದು ಅವರನ್ನು ಬಚಾವು ಮಾಡಲಿಕ್ಕಲ್ಲ. ಪೀಸ್ ಎಸೆದ ಕೈ ಅವರದೇ, ಅದರ ಹೊಣೆಯೂ ಅವರದೇ. ಆದರೆ ಒಂದೇ ಕಾರ್ಖಾನೆಯ ಬ್ಯಾಚ್ ಬ್ಯಾಚಿನಲ್ಲೂ ಒಂದೇ ಬಗೆಯ ಬೈಗುಳ ಕೇಳಿಬರುತ್ತಿದ್ದರೆ, ದೂರಿನಲ್ಲಿ ಸೂಪರ್‌ವೈಸರ್‌ನ ಹೆಸರಿನ ಜೊತೆ ಟಾರ್ಗೆಟ್ ನಿಗದಿ ಮಾಡಿದವರ ಹೆಸರೂ ಇರಬೇಕು.

ಬೈದರೆ ಪ್ರೊಡಕ್ಷನ್ ಬರುತ್ತದೆ ಎಂಬ ನಂಬಿಕೆಗೆ ಆಧಾರ ತೆಳು. ಬೈಸಿಕೊಂಡ ಗಂಟೆಯಲ್ಲಿ ಸಂಖ್ಯೆ ಏರಬಹುದು. ಮರುಗಂಟೆ ಆಲ್ಟರ್ ಪೀಸ್‌ಗಳೂ ಏರುತ್ತವೆ, ಮರುವಾರ ಗೈರುಹಾಜರಿ ಏರುತ್ತದೆ, ಕೈ ಕೂಡಿದ ಟೈಲರ್ ಪಕ್ಕದ ಕಾರ್ಖಾನೆಗೆ ಹೋಗುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ವಿಶ್ವಬ್ಯಾಂಕ್ ಸಮೂಹದ ‘ಬೆಟರ್ ವರ್ಕ್’ ಕಾರ್ಯಕ್ರಮದ ಕಾರ್ಖಾನೆಗಳನ್ನು ಅಧ್ಯಯನ ಮಾಡಿದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರಿಗೆ ಕಂಡದ್ದು, ಕೆಲಸದ ವಾತಾವರಣ ಸುಧಾರಿಸಿದ ಕಡೆ ಉತ್ಪಾದಕತೆ ಮತ್ತು ಲಾಭವೂ ಉತ್ತಮವಾಗಿದ್ದುದು. ಈ ವಾದವನ್ನು ತೀರ ಎಳೆಯಬಾರದು. ಲಾಭ ಬರದಿದ್ದರೆ ಬೈಯಬಹುದು ಎಂಬ ಅರ್ಥ ಅದಕ್ಕೆ ಬಂದುಬಿಡುತ್ತದೆ.

ಬ್ರ್ಯಾಂಡ್‌ಗಳ ಆಡಿಟ್‌ಗಳಲ್ಲಿ ಈ ದರ್ಪ ಸಿಕ್ಕಿಬೀಳುವುದು ಕಡಿಮೆ. ಆಡಿಟ್ ದಿನ ಟಾಯ್ಲೆಟ್‌ಗೆ ಸೋಪು ಬರುತ್ತದೆ, ಟೋಕನ್ ಮಾಯವಾಗುತ್ತದೆ, ಏನು ಹೇಳಬೇಕೆಂದು ಹಿಂದಿನ ದಿನವೇ ಕಲಿಸಲಾಗುತ್ತದೆ. ಕಾರ್ಖಾನೆಯೊಳಗೇ, ಎಚ್‌ಆರ್‌ನವರು ಕರೆತಂದು ಕೂರಿಸಿದ ಕುರ್ಚಿಯಲ್ಲಿ, ‘ಇಲ್ಲಿ ಯಾರಾದರೂ ಬೈಯುತ್ತಾರಾ?’ ಎಂದು ಕೇಳಿದರೆ ಬರುವ ಉತ್ತರ ಏನೆಂದು ಊಹಿಸಬಹುದು.

ಕಾನೂನು ಎಲ್ಲೆಲ್ಲಿ ಸಿಗುತ್ತದೆ

ಕೆಲಸದ ಜಾಗದ ಎಲ್ಲ ಬಗೆಯ ದರ್ಪಕ್ಕೂ ಅನ್ವಯವಾಗುವ ಒಂದೇ ಕಾನೂನು ಭಾರತದಲ್ಲಿಲ್ಲ. ನಡೆದದ್ದು ಏನು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಲಕ್ಷಣಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕಾದ ಕಾರಣವೂ ಇದೇ.

ಲೈಂಗಿಕ ಸ್ವರೂಪದ್ದಾದರೆ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ್ದು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಹಿರಿಯ ಮಹಿಳಾ ಉದ್ಯೋಗಿ, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು, ಒಬ್ಬರು ಹೊರಗಿನವರು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಮುಂದುವರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅಷ್ಟರೊಳಗೆ ತನ್ನನ್ನೋ ಆರೋಪಿಯನ್ನೋ ಬೇರೆ ಬ್ಯಾಚಿಗೆ ಹಾಕುವಂತೆ, ರಜೆ ಕೊಡುವಂತೆ ದೂರುದಾರಳು ಕೇಳಬಹುದು. ದೂರು ಮಾಲೀಕನ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ‘ಸಾಬೀತು ಆಗದಿದ್ದರೆ ನಿನ್ನ ಮೇಲೆಯೇ ಕೇಸು’ ಎಂದು ಹೆದರಿಸುವುದು ಸಾಮಾನ್ಯ. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಜಾತಿ ಹಿಡಿದು ಬೈದದ್ದು, ಬೈಸಿಕೊಂಡವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿ, ಬೈದವರು ಆ ಸಮುದಾಯಗಳಿಗೆ ಸೇರದವರಾಗಿದ್ದರೆ, 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು ಎಂಬ ಷರತ್ತು ಇಲ್ಲಿ ಮುಖ್ಯ. ಮುಚ್ಚಿದ ಕ್ಯಾಬಿನ್‌ನಲ್ಲಿ ಆಡಿದ ಮಾತಿಗೂ ಹತ್ತಾರು ಜನರ ಬ್ಯಾಚಿನ ನಡುವೆ ಆಡಿದ ಮಾತಿಗೂ ಕೋರ್ಟಿನಲ್ಲಿ ಬಹಳ ವ್ಯತ್ಯಾಸವಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗಳಿಗೆ 79ನೇ ಕಲಂ, ಬೆದರಿಕೆಗೆ 351, ಟಾರ್ಗೆಟ್ ಮುಗಿಯುವ ತನಕ ಬಾಗಿಲು ಹಾಕಿ ಕೂಡಿಹಾಕುವಂಥದಕ್ಕೆ 127 ಇವೆ. ಪೊಲೀಸ್ ಠಾಣೆ ಎಂದರೆ ಹಿಂಜರಿಯುವವರೇ ಹೆಚ್ಚು, ಅದು ಸಹಜ.

ಉಳಿದ ಬಹುದೊಡ್ಡ ಭಾಗ, ಅಂದರೆ ದಿನದಿನದ ಬೈಗುಳ, ರಜೆ ತಡೆ, ಮಷಿನ್ ಬದಲು, ಕುಂದುಕೊರತೆ ನಿವಾರಣಾ ಸಮಿತಿಗೆ ಬರುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಈ ಸಮಿತಿ ಇರಬೇಕು. ಅದರಲ್ಲಿ ಕೆಲಸಗಾರರ ಕಡೆಯವರೂ ಮಾಲೀಕರ ಕಡೆಯವರೂ ಸಮ ಸಂಖ್ಯೆಯಲ್ಲಿರಬೇಕು, ಮಹಿಳೆಯರ ಪಾಲು ಕಾರ್ಖಾನೆಯಲ್ಲಿನ ಅವರ ಪಾಲಿಗೆ ಕಡಿಮೆಯಾಗಬಾರದು, ತೀರ್ಮಾನ 30 ದಿನದಲ್ಲಿ ಆಗಬೇಕು. ಯೂನಿಯನ್ ಸೇರಿದ್ದಕ್ಕೆ ಬೆದರಿಸುವುದು, ದುರುದ್ದೇಶದ ವರ್ಗಾವಣೆ ಇವು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಯಲ್ಲಿವೆ. ಹಳೆಯ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಿಂದ ಹೊಸ ಸಂಹಿತೆಗೂ ಸಾಗಿ ಬಂದಿವೆ.

ಬರೆದಿಡುವುದು

ಯಾವ ದಾರಿ ಹಿಡಿದರೂ ಮೊದಲ ಪ್ರಶ್ನೆ ‘ಯಾವಾಗ, ಏನು, ಯಾರೆದುರು?’ ಎಂಬುದೇ. ‘ಯಾವಾಗಲೂ ಬೈಯುತ್ತಾರೆ ಸರ್’ ಎಂಬ ಉತ್ತರ ಸತ್ಯವೇ ಇದ್ದರೂ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಅನೇಕ ಕಾರ್ಖಾನೆಗಳಲ್ಲಿ ಫೋನನ್ನು ಗೇಟಿನಲ್ಲೇ ಇಟ್ಟುಕೊಳ್ಳುವುದರಿಂದ ರೆಕಾರ್ಡಿಂಗ್ ಸುಲಭವಲ್ಲ. ಹಾಗಾಗಿ ಮನೆಗೆ ಹೋದ ರಾತ್ರಿಯೇ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು: ತಾರೀಖು, ಹೊತ್ತು, ಬ್ಯಾಚ್ ನಂಬರ್, ಯಾವ ಕೆಲಸದಲ್ಲಿ ಕೂತದ್ದು, ಟಾರ್ಗೆಟ್ ಎಷ್ಟು ಬಂದದ್ದೆಷ್ಟು, ಆಡಿದ ಮಾತು ಆಡಿದ ಹಾಗೆಯೇ, ಅಕ್ಕಪಕ್ಕದ ಮಷಿನ್‌ನಲ್ಲಿ ಇದ್ದವರು. ಬೈಗುಳವನ್ನು ‘ಕೆಟ್ಟ ಮಾತು’ ಎಂದು ಮುಚ್ಚಿ ಬರೆದರೆ ಅದರ ತೂಕವೇ ಹೋಗುತ್ತದೆ. ಜಾತಿಯ ಮಾತೋ, ಲೈಂಗಿಕ ಮಾತೋ, ಬೆದರಿಕೆಯೋ ಎಂಬುದರ ಮೇಲೆಯೇ ಕಾನೂನಿನ ದಾರಿ ನಿಂತಿರುವುದರಿಂದ ಎಷ್ಟೇ ಮುಜುಗರವಾದರೂ ಪೂರ್ತಿ ಬರೆಯಬೇಕು. ಸಾಕ್ಷಿ ಹೇಳಲು ಜೊತೆಯವರು ಹೆದರುವುದು ಮಾಮೂಲು. ಒಬ್ಬರ ಬದಲು ಐದಾರು ಜನ ಸಹಿ ಹಾಕಿದ ದೂರಿಗೆ ಬೆಲೆ ಹೆಚ್ಚು, ಒಬ್ಬರನ್ನೇ ಗುರಿ ಮಾಡುವುದೂ ಕಷ್ಟ.

ಇಎಸ್‌ಐ ಆಸ್ಪತ್ರೆಗೆ ಹೋದಾಗ ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮೂತ್ರ ಉರಿಯುತ್ತದೆ ಎನ್ನುವುದರ ಜೊತೆಗೆ ಕಾರಣವನ್ನೂ ವೈದ್ಯರಿಗೆ ಹೇಳಿದರೆ ಚೀಟಿಯಲ್ಲಿ ದಾಖಲಾಗುತ್ತದೆ. ಸಂಬಳ ಚೀಟಿ, ರಜೆ ಅರ್ಜಿಯ ನಕಲು, ನೋಟಿಸ್‌ಗಳು ಒಂದೇ ಕಡೆ ಇರಲಿ. ದೂರನ್ನು ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ ಪಡೆಯಬೇಕು. ಕೊಡದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಬೇಕು. ಒತ್ತಾಯದ ರಾಜೀನಾಮೆಯ ವಿಷಯದಲ್ಲಿ ಒಂದು ದಿನವೂ ತಡ ಮಾಡುವಂತಿಲ್ಲ. ‘ನಿನ್ನೆ ಇಂಥ ಹೊತ್ತಿಗೆ ಇಂಥವರು ಹೆದರಿಸಿ ಸಹಿ ಮಾಡಿಸಿಕೊಂಡರು, ನಾನು ಕೆಲಸ ಬಿಟ್ಟಿಲ್ಲ’ ಎಂಬ ಪತ್ರ ಮರುದಿನವೇ ಕಂಪನಿಗೂ ಕಾರ್ಮಿಕ ಅಧಿಕಾರಿಗೂ ಹೋಗಬೇಕು. ಸೆಟಲ್‌ಮೆಂಟ್ ಹಣ ತೆಗೆದುಕೊಂಡ ಮೇಲೆ ಬರೆದ ಪತ್ರಕ್ಕೆ ಆ ಬಲ ಇರುವುದಿಲ್ಲ.

ಬೆಂಗಳೂರಿನಲ್ಲಿ ಕಾರ್ಮಿಕ ಇಲಾಖೆಯ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಮಹಿಳಾ ಸಹಾಯವಾಣಿ 181. ವಕೀಲರ ಖರ್ಚಿನ ಚಿಂತೆ ಇರುವವರಿಗೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೂ ಕೈಗಾರಿಕಾ ಕೆಲಸಗಾರರಿಗೂ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ; ಅದರ ಸಹಾಯವಾಣಿ 15100. ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಹೆಂಗಸರೇ ಮುಂದಾಳತ್ವ ವಹಿಸಿರುವ ಗಾರ್ಮೆಂಟ್ ಲೇಬರ್ ಯೂನಿಯನ್, ಕರ್ನಾಟಕ ಗಾರ್ಮೆಂಟ್ ವರ್ಕರ್ಸ್ ಯೂನಿಯನ್ ಇಂಥ ದೂರುಗಳನ್ನು ಕೈಗೆತ್ತಿಕೊಳ್ಳುತ್ತವೆ.

ದೂರು ಕೊಟ್ಟ ಮೇಲಿನ ವಾರಗಳನ್ನೂ ಗುರುತಿಟ್ಟುಕೊಳ್ಳಬೇಕು. ಆ ಬಳಿಕ ಏಕಾಏಕಿ ಬಂದ ನೋಟಿಸ್, ವರ್ಗಾವಣೆ, ಏರಿದ ಟಾರ್ಗೆಟ್‌ಗಳು ಸೇಡಿನ ಕ್ರಮಗಳಾಗಿರಬಹುದು. ಪಕ್ಕದ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕಾರ್ಖಾನೆಯೊಂದರಲ್ಲಿ ಈ ಸೇಡಿನ ಭಯವನ್ನೇ ಗಮನದಲ್ಲಿಟ್ಟುಕೊಂಡು ಒಂದು ಒಪ್ಪಂದ ರೂಪುಗೊಂಡಿತು. 2021ರ ಜನವರಿಯಲ್ಲಿ ಅಲ್ಲಿನ ದಲಿತ ಯುವತಿಯೊಬ್ಬಳ ಕೊಲೆಯಾಗಿ, ಆರೋಪ ಅವಳ ಸೂಪರ್‌ವೈಸರ್ ಮೇಲೆ ಬಂತು; ಕಿರುಕುಳದ ಹಳೆಯ ದೂರುಗಳೆಲ್ಲ ಆಗ ಹೊರಬಿದ್ದವು. 2022ರ ಏಪ್ರಿಲ್‌ನಲ್ಲಿ ಅಲ್ಲಿನ ಮಹಿಳೆಯರ ಯೂನಿಯನ್ ಕಂಪನಿಯೊಂದಿಗೆ ಒಪ್ಪಂದಕ್ಕೆ ಬಂತು. ಎಚ್ ಅಂಡ್ ಎಂ, ಗ್ಯಾಪ್, ಪಿವಿಎಚ್ ಬ್ರ್ಯಾಂಡ್‌ಗಳೂ ಅದಕ್ಕೆ ಕಟ್ಟುಬಿದ್ದವು. ಅದರಂತೆ ಪ್ರತಿ 25 ಕೆಲಸಗಾರರಿಗೆ ಅವರೊಳಗಿನ ಒಬ್ಬರನ್ನೇ ಬ್ಯಾಚಿನ ಮಾನಿಟರ್ ಮಾಡಲಾಯಿತು. ಬೈಗುಳ, ಜಾತಿಯ ಮಾತು, ಕಿರುಕುಳಗಳನ್ನು ಗುರುತಿಸಲು ಅವರಿಗೆ ತರಬೇತಿ ಕೊಡಲಾಯಿತು. ದೂರಿದವರ ಮೇಲೆ ಸೇಡು ತೀರಿಸಿಕೊಳ್ಳುವುದು ಒಪ್ಪಂದದ ಉಲ್ಲಂಘನೆಯಾಯಿತು. ಕಂಪನಿ ಒಪ್ಪಂದ ಮುರಿದರೆ ಬ್ರ್ಯಾಂಡ್‌ಗಳು ವ್ಯಾಪಾರದ ಮೂಲಕವೇ ಬಿಸಿ ಮುಟ್ಟಿಸಬೇಕೆಂಬ ಷರತ್ತು ಅದರಲ್ಲಿತ್ತು.